ಪರವಾಗಿಲ್ಲ ಅಂದವರ ಬೆರಳು

ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಪಿಂಗಾಣಿ ಲೇಪದ ಎರಡು ಬಿಳಿ ಬೋಗುಣಿಗಳಿವೆ. ಒಂದರ ಅಂಚಿನಲ್ಲಿ ಚಕ್ಕೆ ಎದ್ದು ಒಳಗಿನ ಕಪ್ಪು ತಗಡು ಕಾಣುತ್ತದೆ. ಮನೆಗೆ ಬಂದವರು, "ಇದನ್ನ ಇನ್ನೂ ಯಾಕೆ ಇಟ್ಕೊಂಡಿದ್ದೀರಿ, ಬಿಸಾಕಿ ಅತ್ಲಾಗೆ" ಎನ್ನುತ್ತಾರೆ. ನಾನು ಬಿಸಾಡುವುದಿಲ್ಲ. ಆಸ್ಪತ್ರೆಯ ಸಾಮಾನು ಮನೆಗೆ ತಂದವಳು ಎಂದು ಯಾರಾದರೂ ಆಡಿಕೊಂಡರೆ ಧಾರಾಳವಾಗಿ ಆಡಿಕೊಳ್ಳಲಿ. ಇವನ್ನು ನಾನು ಕದ್ದು ತರಲಿಲ್ಲ, ಎಲ್ಲರ ಕಣ್ಣೆದುರಿಗೇ ಎತ್ತಿಕೊಂಡು ಬಂದೆ.

ಆಗ ನಾನು ನಮ್ಮೂರ ದೊಡ್ಡಾಸ್ಪತ್ರೆಯಲ್ಲಿ ನರ್ಸಾಗಿದ್ದೆ. ಮೂಗಿನ ತುದಿಯಲ್ಲೇ ಕೋಪ ಇರುವವಳು ಎಂದು ಹೆಸರು ಮಾಡಿದ್ದೆ, ಅದು ಸುಳ್ಳೇನೂ ಅಲ್ಲ. ಊರಿನ ಅರ್ಧ ಮನೆಗಳ ಹೆಂಗಸರು ರೇಷ್ಮೆ ನೂಲು ಬಿಚ್ಚುವವರು. ಕಾದ ನೀರಿನ ಬಾಣಲೆಗೆ ಗೂಡುಗಳನ್ನು ಹಾಕಿ, ಬೆರಳ ತುದಿಯಲ್ಲಿ ತಡವಿ, ಕಣ್ಣಿಗೆ ಕಂಡೂ ಕಾಣದಂಥ ಎಳೆಯ ಕೊನೆಯನ್ನು ಹುಡುಕಿ ರಾಟೆಗೆ ಏರಿಸಬೇಕು. ಪಕ್ಕದಲ್ಲೊಂದು ತಣ್ಣೀರಿನ ಬಟ್ಟಲು ಇರುತ್ತದೆ. ಬಿಸಿಯಲ್ಲಿ ಅದ್ದಿದ ಬೆರಳನ್ನು ಆಗಾಗ ತಣ್ಣೀರಿಗೆ ತರಬೇಕು. ಯಾವಾಗ ತರಬೇಕೆಂದು ಹೇಳುವವರು ಯಾರೂ ಇಲ್ಲ, ಅದು ಬೆರಳಿಗೇ ಗೊತ್ತಾಗಬೇಕು.

ಇಂಥ ಊರಿನಲ್ಲಿ ಕೀಲುಬಾವು ಮನೆಮನೆಯ ಕಾಯಿಲೆಯಾಗಿತ್ತು. ಬೆರಳ ಗಿಣ್ಣುಗಳು ಊದಿಕೊಂಡು, ಬೆಳಿಗ್ಗೆ ಎದ್ದರೆ ಮುಷ್ಟಿ ಬಿಚ್ಚಲಾಗದೆ ಹೆಂಗಸರು ಅಳುತ್ತಿದ್ದರು. ಹಳೆಯ ಮಾತ್ರೆಯಿಂದ ನೋವು ಅಷ್ಟಿಷ್ಟು ತಗ್ಗುತ್ತಿತ್ತು. ಅದಕ್ಕಿಂತ ಒಳ್ಳೆಯದನ್ನು ಕಂಡುಹಿಡಿಯಬೇಕೆಂದು ಹಟ ತೊಟ್ಟವರು ನಮ್ಮ ಡಾಕ್ಟರ್ ಪ್ರಹ್ಲಾದರಾಯರು. ಅವರು ಏಳು ವರ್ಷ ಆ ಒಂದು ಔಷಧಿಯ ಹಿಂದೆ ಬಿದ್ದಿದ್ದರು. ಮನುಷ್ಯ ಕೆಟ್ಟವರಲ್ಲ, ಇದನ್ನು ಈಗಲೇ ಹೇಳಿಬಿಡುತ್ತೇನೆ. ರೋಗಿಯ ಕೈ ಹಿಡಿದರೆ ತಮ್ಮ ಕೈಯಲ್ಲೇ ನೋವಿದೆಯೇನೋ ಅನ್ನುವಷ್ಟು ಮೆಲ್ಲಗೆ ಹಿಡಿಯುತ್ತಿದ್ದರು.

ಆ ಔಷಧಿಯ ಪರೀಕ್ಷೆಗೆ ನೂಲು ಬಿಚ್ಚುವ ನಲವತ್ತು ಹೆಂಗಸರನ್ನು ಆರಿಸಿದರು. ಇಪ್ಪತ್ತು ಮಂದಿಗೆ ಕೆಂಪು ಮುಚ್ಚಳದ ಡಬ್ಬಿಯ ಮಾತ್ರೆ, ಉಳಿದವರಿಗೆ ನೀಲಿ ಮುಚ್ಚಳದ್ದು. ಒಂದು ಹಳೆಯ ಔಷಧಿ, ಇನ್ನೊಂದು ಹೊಸದು. ಯಾವುದು ಯಾವುದೆಂದು ರೋಗಿಗಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಅದನ್ನು ಮೇಲಿನ ಸಮಿತಿಯವರು ಬರೆದು, ಲಕೋಟೆಗೆ ಅರಗು ಹಾಕಿ ಬೀರುವಿನಲ್ಲಿಟ್ಟಿದ್ದರು. "ಮೊದಲೇ ಗೊತ್ತಾದರೆ ನಮಗೆ ಬೇಕಾದ್ದು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತೆ ಸಿಸ್ಟರ್" ಎಂದು ಡಾಕ್ಟರು ನನಗೆ ಬಿಡಿಸಿ ಹೇಳಿದ್ದರು. ಆ ಮಾತು ನನಗೆ ಬಹಳ ಹಿಡಿಸಿತ್ತು.

ನನ್ನ ಕೆಲಸ ಪ್ರತಿ ಮಂಗಳವಾರ ಒಬ್ಬೊಬ್ಬರನ್ನೇ ಕೂರಿಸಿ "ನೋವು ಹೇಗಿದೆ?" ಎಂದು ಕೇಳುವುದು, ಹಾಳೆಯಲ್ಲಿ ಬರೆಯುವುದು, ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು. ಹಾಳೆಯಲ್ಲಿ ಮೂರೇ ಕಾಲಂ: ಗುಣ, ಹಾಗೇ ಇದೆ, ಜಾಸ್ತಿ. ಮೊದಲ ಮಂಗಳವಾರವೇ ತೊಡಕಾಯಿತು. ನಲವತ್ತು ಮಂದಿಯಲ್ಲಿ ಮೂವತ್ತು ಮಂದಿ ಹೇಳಿದ್ದು ಒಂದೇ ಮಾತು, "ಪರವಾಗಿಲ್ಲ." ಹಾಳೆ ಅಚ್ಚು ಹಾಕಿಸಿದವರಿಗೆ ಈ ಮಾತು ಹೊಳೆದೇ ಇರಲಿಲ್ಲ. ಇದನ್ನು ಯಾವ ಕಾಲಂನಲ್ಲಿ ಬರೆಯುವುದು? ಗುಣ ಎಂದೇ ಬರೆಯಬೇಕೆಂದು ತೀರ್ಮಾನವಾಯಿತು. ಯಾರು ತೀರ್ಮಾನ ಮಾಡಿದರೆಂಬುದನ್ನು ಆಮೇಲೆ ಹೇಳುತ್ತೇನೆ.

ಆ ಮೂವತ್ತು ಮಂದಿಯಲ್ಲಿ ದೇವೀರಮ್ಮ ಒಬ್ಬಳು. ಗಟ್ಟಿ ಹೆಂಗಸು. ಹದಿನಾರು ವರ್ಷಕ್ಕೇ ಬಾಣಲೆಯ ಮುಂದೆ ಕೂತವಳು. ಊರಿನಲ್ಲಿ ಅವಳಷ್ಟು ಸಣ್ಣ ನೂಲು ತೆಗೆಯುವವರು ಇನ್ನೊಬ್ಬರಿರಲಿಲ್ಲ. ಗಂಡ ಕುಂಟುನೆಪ ಹೇಳಿಕೊಂಡು ಜಗಲಿಯಲ್ಲಿ ಕೂರುವವನು, ಮನೆ ನಡೆಯುತ್ತಿದ್ದದ್ದು ಅವಳ ಹತ್ತು ಬೆರಳಿನ ಮೇಲೆ. ನನ್ನನ್ನು ಕಂಡರೆ ಅವಳಿಗೆ ವಿಪರೀತ ಮರ್ಯಾದೆ. ನಾನು ಗದರಿಸಿದಷ್ಟೂ ನಗುತ್ತಿದ್ದಳು.

ಒಂಬತ್ತನೆಯ ಮಂಗಳವಾರ ಅವಳು ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿದಾಗ ಬರಿಯ ಮಸಿಯ ಮುದ್ದೆ ಮೂಡಿತು, ರೇಖೆಯೇ ಇರಲಿಲ್ಲ. ಮಸಿ ಹೆಚ್ಚಾಯಿತೆಂದು ಒರೆಸಿ ಇನ್ನೊಮ್ಮೆ ಒತ್ತಿಸಿದೆ. ಮತ್ತೆ ಅದೇ ಮುದ್ದೆ. ಆಗ ಕೈ ತಿರುಗಿಸಿ ನೋಡಿದೆ. ಹೆಬ್ಬೆರಳಿನ ತುದಿಯ ಚರ್ಮ ಬೊಬ್ಬೆಯೆದ್ದು ಸುಲಿದು ಹೋಗಿತ್ತು. ತೋರುಬೆರಳೂ ಹಾಗೆಯೇ ಇತ್ತು.

"ಏನಾಯ್ತೇ ಇದು?"

"ಪರ್ವಾಗಿಲ್ಲ ಬುಡಿ ನರ್ಸಮ್ಮ. ನೀರು ವಸಿ ಬಿಸಿಯಾಗಿತ್ತಂತೆ."

ನಾನು ಪೆನ್ನು ಕೆಳಗಿಟ್ಟೆ. "ಬಿಸಿಯಾಗಿತ್ತಂತೆ ಅಂದ್ರೆ? ಯಾರದು ಕೈ? ನಿಂದು ತಾನೆ?"

"ನಂದೇಯ. ಆದ್ರೆ ನಂಗೆಲ್ಲಿ ಗೊತ್ತಾಯ್ತು? ಪಕ್ಕದಲ್ಲಿ ಕೂತಿದ್ಳಲ್ಲ ನಿಂಗಾಜಿ, ಅವಳು ಕಿರುಚ್ಕಂಡ್ಳು. ಆಮೇಕೆ ನೋಡ್ಕತೀನಿ, ಬೊಬ್ಬೆ ಬಂದದೆ."

ಪಕ್ಕದ ಮನೆಯಲ್ಲಿ ಹಾಗಂತೆ, ಆಚೆ ಬೀದಿಯಲ್ಲಿ ಹೀಗಂತೆ ಎಂದು ನಾವು ಆಡುವುದುಂಟು. ತನ್ನ ಕೈ ಸುಟ್ಟದ್ದನ್ನು ಒಬ್ಬಳು 'ಅಂತೆ' ಎಂದು ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಒಂಬತ್ತು ವಾರವೂ ಗುಣ, ಗುಣ, ಗುಣ ಎಂದಿತ್ತು. ಎಲ್ಲವೂ ನನ್ನ ಅಕ್ಷರ.

"ದೇವೀರಮ್ಮ, ನೀನು ಪ್ರತಿ ಸಲ ಪರವಾಗಿಲ್ಲ ಅಂತೀಯಲ್ಲ, ಹಾಗಂದ್ರೆ ನೋವು ಕಡಿಮೆ ಆಗಿದೆ ಅಂತಲೋ, ಇದೆ ಅಂತಲೋ?"

ಅವಳಿಗೆ ನಗು ಬಂತು. "ಪರ್ವಾಗಿಲ್ಲ ಅಂದ್ರೆ ಪರ್ವಾಗಿಲ್ಲ ಅಂತ. ನೋವಿದ್ರೂ ಪರ್ವಾಗಿಲ್ಲ, ಇಲ್ದಿದ್ರೂ ಪರ್ವಾಗಿಲ್ಲ. ಅಷ್ಟು ದೊಡ್ಡ ಡಾಕ್ಟ್ರು ನಮ್ಮಂತೋರ್ಗೆ ಅಂತ ಕಷ್ಟ ಬೀಳ್ತಾವ್ರೆ, ನೀವು ಅಷ್ಟು ಅಕ್ಕರೆಯಿಂದ ಕೇಳ್ತೀರಿ. ಮಖದ ಮೇಲೆ ಹೊಡ್ದಂಗೆ ಇಲ್ಲ ಅನ್ನಕ್ಕಾಯ್ತದಾ? ಮದ್ಲು ಮದ್ಲು ನೋವು ಇದ್ದೇ ಇತ್ತು. ಈಗ ನೋವೂ ಇಲ್ಲ, ಏನೂ ಇಲ್ಲ. ಎಳೆ ಬೆರಳಿಗೆ ಸಿಕ್ಕಾಕಿಲ್ಲ ಕಣವ್ವ. ನಾಲ್ಕು ದಿನದಿಂದ ನೂಲೇ ಬಿಚ್ಚಿಲ್ಲ."

ಕೊನೆಯ ಮಾತನ್ನು ಹೇಳುವಾಗ ಮಾತ್ರ ಅವಳು ನಗಲಿಲ್ಲ.

ಮುಂದಿನ ಮಂಗಳವಾರದ ಹೊತ್ತಿಗೆ ನಾನು ಆಸ್ಪತ್ರೆಯ ಉಗ್ರಾಣದಿಂದ ಎರಡು ಬೋಗುಣಿ ತಂದಿಟ್ಟೆ. ಬಾಣಲೆಯ ಪಕ್ಕದ ತಣ್ಣೀರಿನ ಬಟ್ಟಲೇ ನನಗೆ ಈ ಉಪಾಯ ಹೇಳಿಕೊಟ್ಟದ್ದು. ಒಂದರಲ್ಲಿ ತಣ್ಣೀರು, ಇನ್ನೊಂದರಲ್ಲಿ ಎರೆದುಕೊಳ್ಳುವ ನೀರಿಗಿಂತ ಒಂದು ಚೂರು ಹೆಚ್ಚು ಬಿಸಿ. ವರಾಂಡದಲ್ಲಿ ಒಬ್ಬೊಬ್ಬರನ್ನೇ ಕೂರಿಸಿ, ಕಣ್ಣು ಮುಚ್ಚಿಸಿ, ಬೆರಳ ತುದಿಯನ್ನು ಅದ್ದಿಸಿ, "ಬಿಸಿಯೋ ತಣ್ಣಗೋ?" ಎಂದು ಕೇಳಿದೆ. ಬೋಗುಣಿಗಳನ್ನು ಅದಲುಬದಲು ಮಾಡಿ ಮತ್ತೆ ಕೇಳಿದೆ. ಯಾರು ಯಾವ ಡಬ್ಬಿಯವರೆಂದು ಮಾತ್ರ ಮೊದಲು ನೋಡಲಿಲ್ಲ. ಡಾಕ್ಟರು ಕಲಿಸಿದ ಪಾಠವನ್ನು ನಾನು ಚೆನ್ನಾಗಿಯೇ ಕಲಿತಿದ್ದೆ.

ಹದಿಮೂರು ಮಂದಿಗೆ ಗೊತ್ತಾಗಲಿಲ್ಲ. ಎಲ್ಲ ಮುಗಿದ ಮೇಲೆ ಹೆಸರು ಹಿಡಿದು ಡಬ್ಬಿಯ ಪಟ್ಟಿಯನ್ನು ನೋಡಿದೆ. ಹದಿಮೂರೂ ನೀಲಿ ಮುಚ್ಚಳದವರು. ಕೆಂಪು ಮುಚ್ಚಳದವರಲ್ಲಿ ಒಬ್ಬಳೂ ತಪ್ಪಿರಲಿಲ್ಲ.

ಓಡಿಹೋಗಿ ಡಾಕ್ಟರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾರ್ರೀ ಹೇಳಿದ್ದು ನಿಮಗೆ ಇದನ್ನೆಲ್ಲ ಮಾಡೋಕೆ?"

"ಯಾರೂ ಹೇಳ್ಲಿಲ್ಲ ಸಾರ್. ಅವಳ ಹೆಬ್ಬೆಟ್ಟು ಹೇಳ್ತು."

"ಜೀವಮಾನವೆಲ್ಲ ಬಿಸಿನೀರಲ್ಲಿ ಕೈ ಬೇಯಿಸಿಕೊಂಡವರು ಅವರು. ಬೆರಳು ಜಡ್ಡುಗಟ್ಟಿರುತ್ತೆ."

"ಕೆಂಪು ಡಬ್ಬಿಯವರೂ ಅದೇ ನೀರಲ್ಲಿ ಬೇಯಿಸಿಕೊಂಡವರೇ ಅಲ್ವಾ ಸಾರ್?"

ಅವರು ಎದ್ದು ಕಿಟಕಿಯ ಬಳಿ ಹೋದರು. ಇನ್ನು ಒಂದೇ ವಾರ ಉಳಿದಿದೆ, ನಡುವೆ ನಿಲ್ಲಿಸಿದರೆ ಏಳು ವರ್ಷದ ಕೆಲಸ ನೀರುಪಾಲಾಗುತ್ತದೆ, ಹಾಳೆಯಲ್ಲಿ ಕೇಳಿರುವುದು ನೋವನ್ನು ಮಾತ್ರ, ನೋವು ಹೋಗಿದೆ ಎಂದರು. "ಮುಂದಿನ ಮಂಗಳವಾರ ಫಲ ನೋಡೋಕೆ ಮೇಲಿನಿಂದ ಸಮಿತಿಯವರು ಬರ್ತಾರೆ. ಅಲ್ಲೀವರೆಗೆ ಈ ಬೋಗುಣಿ ಆಟ ಸಾಕು. ಮಾತ್ರೆ ನಿಲ್ಲಿಸೋ ಅಧಿಕಾರ ನಿಮಗಿಲ್ಲ, ತಿಳೀತಾ?"

ತಿಳಿಯಿತು. ಮಾತ್ರೆ ನಿಲ್ಲಿಸುವ ಅಧಿಕಾರ ನನಗಿರಲಿಲ್ಲ, ನುಂಗುವವರಿಗಿತ್ತು. ಮೊದಲ ದಿನ ಅವರೆಲ್ಲ ಹೆಬ್ಬೆಟ್ಟು ಒತ್ತಿದ ಒಪ್ಪಿಗೆಯ ಕಾಗದದಲ್ಲಿ ಆರನೆಯ ಸಾಲು ಹೀಗಿತ್ತು: ರೋಗಿಗೆ ಬೇಡವೆನಿಸಿದ ದಿನ ಕಾರಣ ಹೇಳದೆ ಬಿಡಬಹುದು. ಅದನ್ನು ಯಾರೂ ಅವರಿಗೆ ಓದಿ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಮರುದಿನ ರಜೆ ಹಾಕಿ ನೀಲಿ ಮುಚ್ಚಳದ ಇಪ್ಪತ್ತೂ ಮನೆಗಳಿಗೆ ನಡೆದುಹೋಗಿ ಆ ಸಾಲನ್ನು ಓದಿದೆ. ನನ್ನ ಕೆಲಸ ಹೋಗುತ್ತದೆಂದು ಗೊತ್ತಿತ್ತು. ಹೋದರೆ ಹೋಗಲಿ ಎಂದುಕೊಂಡೆ.

ಏನಾಯಿತು ಅಂತೀರಿ? ಒಬ್ಬರೂ ಬಿಡಲು ಒಪ್ಪಲಿಲ್ಲ! "ಡಾಕ್ಟ್ರು ಏನಂದ್ಕಂಡಾರು", "ಕೊಟ್ಟಿದ್ದ ಬ್ಯಾಡ ಅನ್ನದಾ", "ಪರ್ವಾಗಿಲ್ಲ ಬುಡಿ." ಆ ಮಾತು ಕೇಳಿ ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಕೊನೆಗೆ ದೇವೀರಮ್ಮನ ಮನೆಯ ಅಂಗಳದಲ್ಲಿ ನಿಂತು, "ಸಾಯ್ರಿ ಹಾಗಾದ್ರೆ ಎಲ್ಲಾರೂ, ಪರವಾಗಿಲ್ಲ ಪರವಾಗಿಲ್ಲ ಅಂದ್ಕೊಂಡೇ ಸಾಯ್ರಿ!" ಎಂದು ಕೂಗಿ ಅಲ್ಲೇ ಅತ್ತುಬಿಟ್ಟೆ.

ದೇವೀರಮ್ಮ ನನ್ನನ್ನು ನೋಡುತ್ತಾ ನಿಂತಳು. ಒಳಗೆ ಹೋಗಿ ಮಾತ್ರೆಯ ಪೊಟ್ಟಣ ತಂದು ನನ್ನ ಕೈಗೆ ಹಾಕಿದಳು.

"ನಾನು ಬುಟ್ಟೆ, ತಕ್ಕಳಿ. ಆದ್ರೆ ನಾನೊಬ್ಳು ಬುಟ್ರೆ ಏನಾದದು? ಮಿಕ್ಕೋರು ಡಾಕ್ಟ್ರ ಮಾತು ಕೇಳೋರು. ಡಾಕ್ಟ್ರು ಯಾರ ಮಾತು ಕೇಳ್ತಾರೆ?"

"ಮಂಗಳವಾರ ಸಮಿತಿಯವರು ಬರ್ತಾರೆ. ಅವರ ಮಾತು ಕೇಳ್ತಾರೆ."

"ಹಂಗಾದ್ರೆ ಬತ್ತೀನಿ" ಎಂದಳು.

ಆ ಮಂಗಳವಾರ ಮೇಲಿನವರು ಮೂವರು ಬಂದರು. ನಡುವೆ ಕೂತವರು ಬಿಳಿ ಮೀಸೆಯ ಹಿರಿಯ ಡಾಕ್ಟರು. ಮೇಜಿನ ಮೇಲೆ ಬಿಸ್ಕತ್ತು, ಕಾಫಿಯ ಲೋಟಗಳು, ಹಬೆಯಾಡುವ ಬಿಸಿನೀರಿನ ದೊಡ್ಡ ಕೆಟಲು. ಫೈಲುಗಳನ್ನು ಎತ್ತಿಕೊಡಲು ನಾನು ಗೋಡೆಯ ಪಕ್ಕ ನಿಂತಿದ್ದೆ. ನನ್ನ ಎರಡು ಬೋಗುಣಿಗಳೂ ಬಟ್ಟೆ ಮುಚ್ಚಿಕೊಂಡು ಕಿಟಕಿಯ ಕಟ್ಟೆಯ ಮೇಲಿದ್ದವು. ಪ್ರಹ್ಲಾದರಾಯರು ಓದಿದರು: ನೀಲಿ ಮುಚ್ಚಳದ ಇಪ್ಪತ್ತರಲ್ಲಿ ಹದಿನೆಂಟು ಗುಣ. ಹಿರಿಯರು ತಲೆದೂಗಿ, "ಬಹಳ ಚೆನ್ನಾಗಿದೆ. ಇದನ್ನು ಬೇರೆ ಊರುಗಳಿಗೂ ಕಳಿಸಬಹುದು" ಎಂದರು.

"ಕಳಿಸಬೇಡಿ ಸಾರ್" ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಹೆಬ್ಬೆಟ್ಟಿನಿಂದ ಹಿಡಿದು ಬೋಗುಣಿಯವರೆಗೆ ಎಲ್ಲವನ್ನೂ ಹೇಳಿದೆ. "ಅವರು ಯಾರೂ ಗುಣ ಅಂತ ಹೇಳಿಲ್ಲ ಸಾರ್. ಪರವಾಗಿಲ್ಲ ಅಂದರು. ಅದನ್ನ ಗುಣ ಅಂತ ಬರೆದಿದೆ" ಎಂದೆ.

ಪ್ರಹ್ಲಾದರಾಯರು ಸಿಟ್ಟು ಮಾಡಲಿಲ್ಲ. ಫೈಲಿನ ಮೊದಲ ಹಾಳೆಗೆ ಗುಂಡುಸೂಜಿಯಿಂದ ಚುಚ್ಚಿದ್ದ ಒಂದು ಚೀಟಿಯನ್ನು ಬಿಡಿಸಿ ಹಿರಿಯರ ಮುಂದಿಟ್ಟರು. "ಮೊದಲ ವಾರ ನಾನೇ ಇವರನ್ನ ಕೇಳಿದ್ದೆ, ಈ ಮಾತಿಗೆ ಏನರ್ಥ ಅಂತ. ಇದು ಇವರೇ ಬರೆದುಕೊಟ್ಟದ್ದು."

ಚೀಟಿಯಲ್ಲಿ ನನ್ನ ದುಂಡನೆಯ ಅಕ್ಷರದಲ್ಲಿ 'ಪರವಾಗಿಲ್ಲ ಎಂದರೆ ಗುಣ ಎಂದು ತಿಳಿಯುವುದು' ಎಂದಿತ್ತು. ಕೆಳಗೆ ನನ್ನ ಸಹಿ.

ಹೌದು, ತೀರ್ಮಾನ ಮಾಡಿದವಳು ನಾನೇ. ಅವತ್ತು ನಲವತ್ತು ಮಂದಿಯನ್ನು ಕೇಳಿ ಸುಸ್ತಾಗಿತ್ತು. ಇನ್ನೊಂದು ಪ್ರಶ್ನೆ ಕೇಳುವಷ್ಟು ತಾಳ್ಮೆಯಿರಲಿಲ್ಲ. ಹುಟ್ಟಿದಾಗಿನಿಂದ ಆಡುತ್ತಿದ್ದ ಮಾತು, ಅದರ ಅರ್ಥ ನನಗೆ ಗೊತ್ತಿಲ್ಲವೇ ಎಂಬ ಧಿಮಾಕು ಬೇರೆ. ಡಾಕ್ಟರು ಕೇಳಿದಾಗ ಒಂದು ಗಳಿಗೆಯೂ ಯೋಚಿಸದೆ ಬರೆದುಕೊಟ್ಟಿದ್ದೆ. ಇಷ್ಟು ದಿನ ಅದನ್ನು ನಾನು ಮರೆತಿರಲಿಲ್ಲ, ಮುಚ್ಚಿಟ್ಟುಕೊಂಡಿದ್ದೆ.

"ನಾನೇ ಬರೆದದ್ದು" ಎಂದೆ. "ತಪ್ಪು ಬರೆದೆ. ಅದಕ್ಕೇ ಈಗ ಬಾಯಿ ಮುಚ್ಚಿಕೊಂಡು ನಿಲ್ಲೋದಿಲ್ಲ. ನನ್ನನ್ನ ಕೆಲಸದಿಂದ ತೆಗೆದರೂ ಸರಿ, ಆ ಚೀಟಿ ಸುಳ್ಳು. ಹೊರಗೆ ಒಬ್ಬಳು ಕೂತಿದ್ದಾಳೆ, ಅವಳನ್ನೇ ಕೇಳಿ."

ಹಿರಿಯರು ಕರೆಸಿದರು. ದೇವೀರಮ್ಮ ಸೆರಗು ಹೊದ್ದುಕೊಂಡು ಒಳಗೆ ಬಂದು ಬಾಗಿಲ ಬಳಿಯೇ ನಿಂತಳು.

"ಕೈ ಹೇಗಿದೆಯಮ್ಮ?"

ಅವಳು ಡಾಕ್ಟರ ಮುಖ ನೋಡಿದಳು, ನೆಲ ನೋಡಿದಳು. "ಪರ್ವಾಗಿಲ್ಲ ಸ್ವಾಮಿ" ಎಂದಳು.

ಪ್ರಹ್ಲಾದರಾಯರು ಅವಳ ಕಡೆ ಕೈ ತೋರಿಸಿ, "ನೋಡಿ" ಎಂದರು. ಅಷ್ಟರಲ್ಲಿ ದೇವೀರಮ್ಮ ಕಿಟಕಿಯ ಬಳಿ ಹೋಗಿ, ಬಟ್ಟೆ ಸರಿಸಿ, ಒಂದು ಬೋಗುಣಿಯ ನೀರನ್ನು ಹೊರಗೆ ಚೆಲ್ಲಿ ಮೇಜಿನ ಮೇಲೆ ತಂದಿಟ್ಟಳು. ಕೆಟಲನ್ನೆತ್ತಿ ಹಬೆಯಾಡುವ ನೀರನ್ನು ಅದಕ್ಕೆ ಸುರಿದಳು. ಅತಿಥಿಗಳಿಗೆ ಏನೋ ಉಪಚಾರ ಮಾಡುತ್ತಿದ್ದಾಳೆಂದು ಎಲ್ಲರೂ ನೋಡುತ್ತಿದ್ದೆವು. ಅವಳು ಬಲಗೈಯನ್ನು ಮಣಿಕಟ್ಟಿನವರೆಗೆ ಒಳಗಿಟ್ಟಳು.

"ಇದೂ ಪರ್ವಾಗಿಲ್ಲ ಸ್ವಾಮಿ" ಎಂದಳು. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಈಗ ಬರ್ಕಳಿ, ಗುಣ ಅಂತ."

ಹಿರಿಯರು ನಂಬದೆ ಬೆರಳು ಚಾಚಿ ನೀರನ್ನು ಮುಟ್ಟಿ, "ಅಯ್ಯಯ್ಯೋ!" ಎಂದು ಹಿಂದೆ ಸರಿದರು. ನಾನು ಹಾರಿಬಿದ್ದು ಅವಳ ತೋಳು ಹಿಡಿದೆಳೆದೆ. ಬೋಗುಣಿ ನೆಲಕ್ಕೆ ಬಿದ್ದು ಚಕ್ಕೆ ಎದ್ದಿತು. ಕೈ ಕೆಂಪಗಾಗಿ ಊದುತ್ತಿತ್ತು. ಅವಳು ಅದನ್ನು ಯಾರದೋ ಕೈಯೆಂಬಂತೆ ನೋಡುತ್ತಿದ್ದಳು. ಮೊದಲು ಓಡಿದವರು ಪ್ರಹ್ಲಾದರಾಯರು. ತಣ್ಣೀರು ತಂದರು, ಮುಲಾಮು ತಂದರು, ನೆಲದ ಮೇಲೆ ಮಂಡಿಯೂರಿ ಕೂತು ತಾವೇ ಪಟ್ಟಿ ಕಟ್ಟಿದರು. ಕಟ್ಟಿ ಮುಗಿಸಿ ಏಳಲಿಲ್ಲ. ಕೂತಲ್ಲಿಂದಲೇ, "ಲಕೋಟೆ ಒಡೀರಿ" ಎಂದರು.

ನೀಲಿ ಮುಚ್ಚಳದ್ದೇ ಹೊಸ ಔಷಧಿ. ಅದು ನೋವನ್ನು ಕೊಂದಿರಲಿಲ್ಲ, ಬೆರಳನ್ನೇ ಕೊಂದಿತ್ತು. ಅವತ್ತೇ ಮಧ್ಯಾಹ್ನ ಆ ಡಬ್ಬಿಗಳಿಗೆಲ್ಲ ಬೀಗ ಬಿತ್ತು. ಬೇರೆ ಯಾವ ಊರಿಗೂ ಅದು ಹೋಗಲಿಲ್ಲ.

ನನ್ನ ಕೆಲಸ ಹೋಗಲಿಲ್ಲ. ಅಪ್ಪಣೆ ಮೀರಿದಳೆಂದು ಬರೆದು ಬಟ್ಟೆಯ ಉಗ್ರಾಣಕ್ಕೆ ಹಾಕಿದರು. ಚಾದರ, ದಿಂಬಿನ ಚೀಲ ಎಣಿಸುವ ಕೆಲಸ. ರೋಗಿಗಳ ಹತ್ತಿರ ಸುಳಿಯಕೂಡದೆಂದು ಆಜ್ಞೆ. ಹೂಂ ಎಂದು ತಲೆ ತಗ್ಗಿಸಿದೆ ಅಂದುಕೊಂಡಿರಾ? ಆ ಎರಡು ಬೋಗುಣಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಸಮಿತಿಯವರ ಮುಂದೆಯೇ ಹೊರಗೆ ಬಂದೆ. ಪ್ರತಿ ಮಂಗಳವಾರ ಉಗ್ರಾಣಕ್ಕೆ ಬೀಗ ಹಾಕಿ ವರಾಂಡದಲ್ಲಿ ಕೂರುತ್ತಿದ್ದೆ. ಆ ಹದಿಮೂರು ಮಂದಿ ಬರುತ್ತಿದ್ದರು. ಬಿಸಿಯೋ ತಣ್ಣಗೋ ಎಂದು ಕೇಳಿ ಬರೆದುಕೊಳ್ಳುತ್ತಿದ್ದೆ. ಯಾರಾದರೂ ಪರವಾಗಿಲ್ಲ ಎಂದರೆ, "ಆ ಮಾತು ನನ್ನ ಮುಂದೆ ಆಡಿದರೆ ನೋಡು" ಎಂದು ಗದರಿಸುತ್ತಿದ್ದೆ. ಎರಡು ಸಲ ಮೆಮೊ ಬಂತು. ಎರಡರ ಬೆನ್ನ ಮೇಲೂ ನಾನು ಬೆರಳಿನ ಲೆಕ್ಕ ಬರೆದೆ.

ಮೂರನೆಯ ತಿಂಗಳು ಪ್ರಹ್ಲಾದರಾಯರು ವರಾಂಡದಲ್ಲಿ ನಡೆದುಹೋಗುತ್ತಾ ನನ್ನ ಪಕ್ಕ ಹೊಸದಾಗಿ ಅಚ್ಚು ಹಾಕಿಸಿದ ಹಾಳೆಗಳ ಕಟ್ಟನ್ನು ಇಟ್ಟರು. ಅದರಲ್ಲಿ ನಾಲ್ಕನೆಯ ಕಾಲಂ ಇತ್ತು: ರೋಗಿಯ ಮಾತು, ಆಡಿದ ಹಾಗೆಯೇ. ಅವರ ಮೇಲಿನ ಸಿಟ್ಟು ನನಗೆ ಪೂರ್ತಿ ಇಳಿದಿರಲಿಲ್ಲ, ನನ್ನ ಮೇಲಿನದು ಈಗಲೂ ಇಳಿದಿಲ್ಲ. ಆದರೆ ಅವತ್ತಿನಿಂದ ಮೆಮೊ ಬರುವುದು ನಿಂತಿತು.

ಒಬ್ಬೊಬ್ಬರಿಗೇ ಬೆರಳಿನ ಅರಿವು ಮರಳಿತು. ಹನ್ನೆರಡು ಮಂದಿಗೆ ಬಂತು. ದೇವೀರಮ್ಮನಿಗೆ ಬರಲಿಲ್ಲ. ಅವಳ ಸುಟ್ಟ ಕೈ ಮಾಯ್ದಿತ್ತು, ಆದರೆ ಎಳೆ ಸಿಕ್ಕದ್ದರಿಂದ ಬಾಣಲೆಯ ಮುಂದೆ ಕೂರುವಂತಿರಲಿಲ್ಲ. ಗೂಡು ಆರಿಸುವ ಕೂಲಿಗೆ ಹೋಗುತ್ತಿದ್ದಳು. ಆ ಕೆಲಸಕ್ಕೆ ಕಣ್ಣು ಸಾಕು. ತನ್ನ ಜಾಗದಲ್ಲಿ ಕೂತವರ ರಾಟೆಯ ಸದ್ದು ಕೇಳುತ್ತಾ ದಿನವಿಡೀ ಆರಿಸುತ್ತಿದ್ದಳು. ನನಗೆ ಅವಳ ಮುಖ ನೋಡಲು ಕಷ್ಟವಾಗುತ್ತಿತ್ತು. ಅವಳೋ, ಒಂದು ಮಂಗಳವಾರವೂ ತಪ್ಪಿಸಲಿಲ್ಲ.

ಏಳನೆಯ ತಿಂಗಳ ಒಂದು ಬೆಳಿಗ್ಗೆ ಎಂದಿನಂತೆ ಅವಳ ಕಣ್ಣು ಮುಚ್ಚಿಸಿ ಬಲಗೈಯ ಬೆರಳುಗಳನ್ನು ಚಕ್ಕೆ ಎದ್ದ ಬೋಗುಣಿಯಲ್ಲಿ ಅದ್ದಿಸಿದೆ. ಎಂದಿನಂತೆ ಅವಳು ಸುಮ್ಮನಿದ್ದಳು. ಹಾಳೆಯ ಮೇಲೆ ಪೆನ್ನು ಇಟ್ಟೆ.

"ಅಯ್ಯೋ ನಿನ್ ಮನೆ ಹಾಳಾಗ! ಸುಡ್ತದಲ್ಲೇ!"

ವರಾಂಡದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ಕೈಯನ್ನು ಹೊರಗೆಳೆದುಕೊಂಡು ಕಣ್ಣರಳಿಸಿ ಬೆರಳುಗಳನ್ನೇ ನೋಡುತ್ತಿದ್ದಳು. ಯಾವತ್ತೂ ನನಗೆ ಏಕವಚನ ಆಡಿದವಳಲ್ಲ. ನನಗೆ ಕಣ್ಣು ಮಂಜಾಗಿ ಗೆರೆ ಕಾಣಿಸದಿದ್ದರೂ ನಾಲ್ಕನೆಯ ಕಾಲಂನಲ್ಲಿ ಆ ಮಾತನ್ನು ಬರೆದೆ. ಬೈಗುಳವನ್ನೂ ಬಿಡದೆ, ಆಡಿದ ಹಾಗೆಯೇ ಬರೆದೆ.

ಅವಳು ಮತ್ತೆ ಬೆರಳು ಅದ್ದಿದಳು. "ಸುಡ್ತದೆ ಕಣೇ" ಎಂದು ತೆಗೆದಳು. ಇನ್ನೊಮ್ಮೆ ಅದ್ದಿದಳು. "ಗಿಣ್ಣೂ ನೋಯ್ತದೆ, ಹಾಳಾದ್ದು!" ಎಂದು ನಕ್ಕಳು, ನಗುತ್ತಾ ಅತ್ತಳು. ಪಕ್ಕದ ತಣ್ಣೀರಿನ ಬೋಗುಣಿಯನ್ನು ಅವಳ ಕಡೆಗೆ ಸರಿಸಿದೆ. ಅವಳು ಅದನ್ನು ಮುಟ್ಟಲಿಲ್ಲ. ಚಕ್ಕೆ ಎದ್ದ ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡು, ನೀರು ಪೂರ್ತಿ ಆರುವವರೆಗೂ ಬೆರಳು ಅದ್ದುತ್ತಾ, ನನ್ನನ್ನು ಬೈಯುತ್ತಾ ಕೂತಿದ್ದಳು.